ಯಾವ್ದು ಕೀಳಲಿ

ಈ ಸಲ ತೊಗರಿ ಬಿತ್ತಲಿಲ್ಲ.
ಮೂರು ವರ್ಷ ನೆಟೆ ಬಿದ್ದ ಹೊಲ ಅದು,
ಗಿಡ ನಿಂತಲ್ಲೇ ಒಣಗ್ತಿತ್ತು, ಕಾಂಡ ಸೀಳಿದರ
ಒಳಗ ಕಪ್ಪು ಗೆರಿ, ಸುಟ್ಟ ಬತ್ತಿ ಇಟ್ಟಂಗ.
"ಬ್ಯಾರೆ ಏನರೆ ಹಾಕು ಜಗದೇವಿ" ಅಂದ್ರು ಆಳಂದದ ಅಡತಿಯವರು.
ತೊಗರಿ ಬಿಟ್ಟರ ತವರು ಬಿಟ್ಟಂಗ, ಅಂದ್ಳು ಅತ್ತಿ.
ನಾ ಉದ್ದು ತಂದೆ.

ಬೀಜಕ್ಕ ಬೆಲ್ಲದ ನೀರು ಚಿಮುಕಿಸಿ
ಟ್ರೈಕೋಡರ್ಮಾ ಪುಡಿ ಹಚ್ಚಿ, ಹಳೆ ಸೀರಿ ಮ್ಯಾಲ
ನೆರಳಾಗ ಹರವಿದ್ದೆ. ಮಗಳು ಕೇಳಿದ್ಳು:
ಬೀಜಕ್ಕೂ ಲಸಿಕಿ ಹಾಕ್ತಾರೇನವ್ವ?
ಹೌದು ಅಂದೆ. ಅಳೂದಿಲ್ಲ, ಅಷ್ಟೇ ಫರಕು.

ಮಿರಗದ ಮಳಿಗೆ ಬಿತ್ತಿದೆ, ಸುತ್ತ ನಾಕು ಸಾಲು ಜೋಳ.
ಮೂವತ್ತನೇ ದಿನ, ಒಂದು ತುದಿ ಎಲಿ ಮ್ಯಾಲ
ಅರಿಶಿಣದ ಬೆರಳು ಒರಸಿದಂಗ ಗುರ್ತು.
ಸುಳ್ಳು ಯಾಕ ಹೇಳ್ಲಿ, ಚಂದ ಇತ್ತು.
ನಾಕು ದಿನಕ್ಕ ಎಲಿ ತುಂಬ ಕೌದಿ,
ಹಸಿರು ತುಂಡು, ಹಳದಿ ತುಂಡು, ಹಳದಿ ತುಂಡು.

ರೈತ ಸಂಪರ್ಕ ಕೇಂದ್ರದ ಹುಡುಗ ಮೊಣಕಾಲೂರಿ ನೋಡಿ
"ಹಳದಿ ನಂಜು" ಅಂದ.
"ಹತ್ತಿದ ಗಿಡಕ್ಕ ಔಷಧ ಇಲ್ಲ ಅಕ್ಕೋರೆ, ಕೀಳಬೇಕು.
ತರೂದು ಬಿಳಿ ನೊಣ. ಅದಕ್ಕ ಬಲಿ ಹಾಕ್ರಿ."

ನಸುಕಿನ್ಯಾಗ ಹ್ವಾದೆ. ಎಲಿ ಅಡಿಗೆ ಕೈ ಹಾಕಿದರ
ಹಿಟ್ಟು ಕೊಡವಿದಂಗ ಏಳ್ತಾವ,
ಮತ್ತ ಅಲ್ಲೇ ಕೂಡ್ತಾವ, ನಮ್ಮನಿ ಅನ್ನೂಹಂಗ.
ಕಿತ್ತದ್ದು ಚೀಲದಾಗ ತುಂಬಿ, ಬಾಯಿ ಕಟ್ಟಿ, ಕುಣ್ಯಾಗ ಹುಗಿದೆ.
ಕೆಲವು ಹೂ ಬಿಟ್ಟಿದ್ದವು.
ಕೈ ಒಂದ್ಸಲ ಹಿಂದ ಬಂತು. ಮತ್ತ ಹ್ವಾತು.

ಏಳು ಎಣ್ಣಿ ಡಬ್ಬಿಗೆ ಹಳದಿ ಬಣ್ಣ ಬಳದು
ಔಡಲೆಣ್ಣಿ ಸವರಿ ಕೋಲಿಗೆ ಏರಿಸಿದೆ.
ನೊಣಕ್ಕ ಹಳದಿ ಅಂದ್ರ ಪ್ರಾಣ ಅಂತ.
ಮದಿವಿ ಮನಿಗೆ ಬಂದಂಗ ಬಂದು ಅಂಟಿದವು.

ಆದ್ರೂ ನಿಲ್ಲಲಿಲ್ಲ.
ಪಡುವಲ ಬದುವಿನ ಕಡಿಂದ ಬರ್ತಿತ್ತು, ಸಾಲಿಗೆ ಸಾಲು.
ಆಚಿ ಕಡಿ ಲಾಡ್ಲೆ ಮಾಮಾನ ಹೊಲ,
ಅಲ್ಲೂ ಉದ್ದು, ಒಂದು ಗಿಡ ಕಿತ್ತಿಲ್ಲ.
ನೊಣಕ್ಕ ಪಹಣಿ ಓದ್ಲಾಕ ಬರ್ತದೇನು?

ಸಿಟ್ಟು ಸೆರಗಿಗೆ ಕಟ್ಕೊಂಡೇ ಹ್ವಾದೆ.
"ಮಾಮಾ, ನಿನ್ನ ಹೊಲ ನನ್ನ ಹೊಲ ತಿನ್ಲಾಕತ್ತದ. ಕೀಳಬಾರದಾ?"
ಮುದುಕ ಬೀಡಿ ಆರಿಸಿ ನನ್ನ ಕಡಿ ನೋಡಿದ,
ನನ್ನ ಕಡಿ ಅಲ್ಲ, ಬಾಜೂಕಿನ ಜಾಲಿ ಕಡಿ.
"ಪೊರಿ ಬಂದದವ್ವ, ಎರಡೂ ಕಣ್ಣಿಗೆ.
ಹೊಲ ಹಳದಿ, ಆಕಳ ಹಳದಿ,
ಮಾತಾಡ್ಲಾಕತ್ತೀದಿ, ನೀನೂ ಹಳದಿ.
ಯಾವ್ದು ಕೀಳಲಿ, ಹೇಳು?"

ದಾರಿಗುಂಟ ಜೋಡಿಸ್ಕೊಂಡು ಬಂದ ಮಾತು
ಅನ್ನದಾಗಿನ ಹಳ್ಳಿನಂಗ ಹಲ್ಲಿಗೆ ಸಿಕ್ಕಿತು.

ಅವನ ಕೈ ಹಿಡದು ಒಂದು ಗಿಡದ ಮ್ಯಾಲ ಇಟ್ಟೆ.
"ಇದು ಚಲೋ ಗಿಡ. ಎಲಿ ಅಗಲ ಅದ, ಕಾಯಿ ತುಂಬ್ಯಾವ."
ಇನ್ನೊಂದರ ಮ್ಯಾಲ ಇಟ್ಟೆ. "ಇದು?"
ಬೆರಳು ನಡದವು, ನಿಧಾನ,
ಗಿಡ್ಡ ಟೊಂಗಿ, ಚಪ್ಪಟಿ ಕಾಯಿ, ಮುರುಟಿದ ತುದಿ.
"ಇದರಾಗ ಜೀವ ಕಡಿಮಿ ಅದ" ಅಂದ.
ಕಿತ್ತ.

ಮೂರು ಮುಂಜಾನಿ ಕಿತ್ತ.
ಚಲೋ ಗಿಡಾನೂ ಹ್ವಾದವು ಅವನ ಕೈಯಾಗ, ನಾ ಎಣಿಸಿದೆ, ಹೇಳಲಿಲ್ಲ.
ನನ್ನ ಸಾಲಿನ್ಯಾಗ ನನ್ನ ಕಣ್ಣಿಗೆ ತಪ್ಪಿದ್ದು
ಅವನ ಬೆರಳಿಗೆ ಸಿಕ್ಕವು.
ಅವನೂ ಹೇಳಲಿಲ್ಲ, ಚೀಲದಾಗ ಹಾಕಿದ.

ಎಕರೆಕ್ಕ ಮೂರು ಚೀಲ. ಐದು ಬರಬೇಕಿತ್ತು.

ದಸರಾ ಮುಗದ ಮ್ಯಾಲ ಕಲಬುರಗಿ ದವಾಖಾನಿಂದ
ಕರಿ ಚಸ್ಮಾ ಹಾಕ್ಕೊಂಡು ಬಂದ ಮಾಮಾ.
ಹೊಲ ಖಾಲಿ. ಒಂದು ಡಬ್ಬಿ ಉಳಿದಿತ್ತು ಕೋಲಿನ ಮ್ಯಾಲ,
ಎಣ್ಣಿ ಒಣಗಿ, ನೊಣ ಕರ್ರಗಾಗಿ.
ಚಸ್ಮಾ ಎತ್ತಿ ಅದನ್ನ ನೋಡಿದ,
ಸುತ್ತಲಿನ ಎರಿ ಮಣ್ಣು ನೋಡಿದ, ಮತ್ತ ಡಬ್ಬಿ.
"ಇಷ್ಟೇನಾ" ಅಂದ, "ಹಳದಿ ಅಂದ್ರ?"